ನಾನು ಗಾಜು ಕೂರಿಸಿದ ಜಾಗಗಳು

ಕೆಲವರು ಯಾವ ಬೀದಿಗೆ ಹೋದರೂ ನಾಯಿ ಅಟ್ಟಿಸಿಕೊಂಡು ಬರುತ್ತದೆ. ನಾನು ಯಾವ ಊರಿಗೆ ಕೆಲಸಕ್ಕೆ ಹೋದರೂ ಅವಮಾನ ಹಾಗೆ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಚಾಮರಾಜನಗರದಲ್ಲಿ ಫ್ರೀಜರು, ಕೋಲ್ಡ್ ರೂಮು ರಿಪೇರಿ ಮಾಡಿಕೊಂಡಿದ್ದೇನೆ. ಕೈ ಪಳಗಿದೆ ಅಂತ ಜನ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಾ ಶುರುವಾಗೋದು ಒಂದು ಸಣ್ಣ ಗಾಜಿನಿಂದ. ತಣ್ಣಗೆ ಮಾಡುವ ದೊಡ್ಡ ಮಿಷನ್ನುಗಳಲ್ಲಿ ತಾಮ್ರದ ಪೈಪಿನ ನಡುವೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗಾಜಿನ ಕಿಟಕಿ ಕೂರಿಸುತ್ತೇವೆ. ಸೈಟ್ ಗ್ಲಾಸ್ ಅಂತ ಅದರ ಹೆಸರು, ನಮ್ಮ ಬಾಯಲ್ಲಿ ಬರೀ ಗಾಜು. ಒಳಗೆ ಗ್ಯಾಸು ನೀರಿನ ಥರ ಹರಿಯೋದು ಅದರಲ್ಲಿ ಕಾಣುತ್ತದೆ. ತಿಳಿಯಾಗಿ ಹರಿದರೆ ಕ್ಷೇಮ. ಗುಳ್ಳೆ ಬಂದರೆ ಗ್ಯಾಸು ಕಮ್ಮಿ, ಇಲ್ಲಾ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ. ಗಾಜಿನ ನಡುವೆ ಒಂದು ಚುಕ್ಕೆಯೂ ಇರುತ್ತದೆ. ಪೈಪಿನೊಳಗೆ ತೇವ ಇಲ್ಲದಿದ್ದರೆ ಅದು ಹಸಿರು, ತೇವ ಸೇರಿದರೆ ಹಳದಿ.

ಈ ಗಾಜನ್ನು ಎಲ್ಲಿ ಕೂರಿಸಬೇಕು ಅನ್ನೋದು ಪುಸ್ತಕದಲ್ಲಿ ಒಂದೂವರೆ ಸಾಲು. ಆ ಒಂದೂವರೆ ಸಾಲು ಕಲಿಯೋಕೆ ನಾನು ಎರಡು ತಾಲ್ಲೂಕು ತಿರುಗಿ ಮರ್ಯಾದೆ ಕಳೆದುಕೊಂಡೆ.

ಹಾಲಿನ ಡೈರಿಯ ಕನ್ನಡಿ

ಸ್ವಂತ ಕೆಲಸ ಶುರು ಮಾಡಿದ ಹೊಸತು. ಹರದನಹಳ್ಳಿ ದಾಟಿದ ಮೇಲೆ ಸಿಗುವ ಒಂದು ಊರಿನ ಡೈರಿಯಲ್ಲಿ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕು ಕೆಟ್ಟಿತ್ತು. ಪೈಪೆಲ್ಲ ಬದಲಾಯಿಸಿ, ಹೊಸ ಗಾಜು ಕೂರಿಸಿ, ಬೆಸುಗೆ ಹಾಕಿದೆ. ಬೆಸುಗೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನಾನೇ ಎರಡು ಸಲ ಸವರಿ ನೋಡಿದೆ. ಆಮೇಲೆ ನಾಲ್ಕು ಜನ ಸೇರಿ ಮಿಷನ್ನನ್ನು ನೂಕಿ ಗೋಡೆಗೆ ಒತ್ತಿ ನಿಲ್ಲಿಸಿ, ಬೋಲ್ಟು ಬಿಗಿದೆವು.

ಡೈರಿ ಸೆಕ್ರೆಟರಿ ಒಬ್ಬ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಊರವರೆಲ್ಲ ಅಕ್ಕ ಅಂತಿದ್ದರು, ನಾನೂ ಅಕ್ಕ ಅಂದೆ. ಅವರಿಗೆ ಗಾಜಿನ ಮಹಿಮೆಯನ್ನು ಬಹಳ ಹೊತ್ತು ವಿವರಿಸಿದೆ. ದಿನಾ ಬೆಳಗ್ಗೆ ಒಂದು ಸಲ ನೋಡಬೇಕು, ಗುಳ್ಳೆ ಬಂದರೆ ನನಗೆ ಫೋನ್ ಮಾಡಬೇಕು.

"ಆಯ್ತಪ್ಪ. ಎಲ್ಲದ ಅದು?"

ನಾನು ಮಿಷನ್ ಸುತ್ತ ಒಂದು ಸುತ್ತು ಬಂದೆ. ಇನ್ನೊಂದು ಸುತ್ತು ಬಂದೆ. ಗಾಜು ಹಿಂದಿನ ಪೈಪಿನಲ್ಲಿತ್ತು, ಗೋಡೆ ಕಡೆಗೆ ಮುಖ ಮಾಡಿಕೊಂಡು. ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಜಾಗ. ಅದನ್ನು ನೋಡಬಹುದಾಗಿದ್ದದ್ದು ಗೋಡೆ ಮೇಲಿನ ಹಲ್ಲಿ ಒಂದೇ.

ಅಷ್ಟು ಹೊತ್ತಿಗೆ ಸಾಯಂಕಾಲದ ಹಾಲು ಹಾಕೋಕೆ ಜನ ಬರೋಕೆ ಶುರುವಾಗಿತ್ತು. ಅಕ್ಕ ಬ್ಯಾಗಿನಿಂದ ಅಂಗೈ ಅಗಲದ ಕನ್ನಡಿ ತೆಗೆದುಕೊಟ್ಟರು. ನಾನು ಒದ್ದೆ ನೆಲದ ಮೇಲೆ ಅಡ್ಡ ಬಿದ್ದು, ಕೈಯನ್ನು ಗೋಡೆ ಸಂದಿಗೆ ತೂರಿಸಿ, ಕನ್ನಡಿ ಆ ಕಡೆ ಈ ಕಡೆ ತಿರುಗಿಸಿದೆ. ಕ್ಯಾನು ಹಿಡಿದು ನಿಂತಿದ್ದ ಹತ್ತು ಹದಿನೈದು ಜನ ಬಗ್ಗಿ ಬಗ್ಗಿ ನನ್ನನ್ನೇ ನೋಡುತ್ತಿದ್ದರು.

"ಏನಪ್ಪ ಕಾಣ್ತದ?" ಅಂದರು ಅಕ್ಕ.

"ಬರೀ ನನ್ನ ಮುಖಾನೇ ಕಾಣ್ತದೆ ಅಕ್ಕ."

"ಹಂಗಾರೆ ತಪ್ಪೆಲ್ಲದ ಅಂತ ಗೊತ್ತಾಯ್ತಲ್ಲ, ಎದ್ದೇಳು" ಅಂದರು.

ತೆರಕಣಾಂಬಿಯ ಬಾಳೆಹಣ್ಣು

ಕಣ್ಣಿಗೆ ಕಾಣುವ ಕಡೆಯೇ ಗಾಜು ಹಾಕಬೇಕು ಅಂತ ಅವತ್ತು ಕಲಿತೆನಲ್ಲ, ಮುಂದಿನ ಕೆಲಸದಲ್ಲಿ ಕಣ್ಣಿಗೆ ಕಾಣುವ ಕಡೆಯೇ ಹಾಕಿದೆ. ಅದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ತಪ್ಪಿತ್ತು.

ತೆರಕಣಾಂಬಿ ಹತ್ತಿರ ಒಬ್ಬ ಹಿರಿಯರು ಬಾಳೆಕಾಯಿ ಹಣ್ಣು ಮಾಡುವ ರೂಮು ಇಟ್ಟಿದ್ದರು. ಹಿಂದೆ ತಾವೇ ಬಾಳೆ ಬೆಳೆಯುತ್ತಿದ್ದವರು, ವಯಸ್ಸಾದ ಮೇಲೆ ವ್ಯಾಪಾರಕ್ಕೆ ಇಳಿದಿದ್ದರು. ರೂಮಿನೊಳಗೆ ಸರಿಯಾದ ತಣುವಿದ್ದರೆ ಕಾಯಿ ನಿಧಾನವಾಗಿ, ಒಂದೇ ಸಮನಾಗಿ ಹಣ್ಣಾಗುತ್ತದೆ. ಸೆಖೆಯಾದರೆ ಎಲ್ಲಾ ಒಟ್ಟಿಗೇ ಹಣ್ಣಾಗಿ ಮೆತ್ತಗಾಗುತ್ತದೆ.

ಮಿಷನ್ನಿಗೂ ರೂಮಿಗೂ ನಡುವೆ ಎರಡು ಪೈಪು. ಗ್ಯಾಸು ದ್ರವವಾಗಿ ರೂಮಿಗೆ ಹೋಗುವುದು ಒಂದರಲ್ಲಿ, ಆವಿಯಾಗಿ ವಾಪಸ್ ಬರುವುದು ಇನ್ನೊಂದರಲ್ಲಿ. ಗಾಜು ಹೋಗುವ ಪೈಪಿನಲ್ಲಿರಬೇಕು. ಆದರೆ ಆ ಪೈಪು ಕೆಳಗೆ ನೆಲಕ್ಕೆ ಅಂಟಿಕೊಂಡಿತ್ತು. ವಾಪಸ್ ಬರುವ ಪೈಪು ಸರಿಯಾಗಿ ನನ್ನ ಎದೆಯ ಮಟ್ಟಕ್ಕೆ, ಬೆಳಕಿನಲ್ಲಿ, ಅಂದವಾಗಿ ನಿಂತಿತ್ತು. ಗಾಜನ್ನು ಅಲ್ಲಿ ಕೂರಿಸಿದೆ.

ಸ್ಟಾರ್ಟ್ ಮಾಡಿ ನೋಡಿದರೆ ಗಾಜಿನಲ್ಲಿ ಏನೂ ಇಲ್ಲ. ಆವಿ ಕಣ್ಣಿಗೆ ಎಲ್ಲಿ ಕಾಣುತ್ತದೆ? ಆದರೆ ನಾನು ಗ್ಯಾಸು ಕಮ್ಮಿ ಅಂತ ತೀರ್ಮಾನ ಮಾಡಿ ಇನ್ನಷ್ಟು ತುಂಬಿದೆ. ಏನೂ ಕಾಣಲಿಲ್ಲ. ಮತ್ತೆ ತುಂಬಿದೆ. ಮಿಷನ್ನು ಒಳಗಿನ ಒತ್ತಡ ತಡೆಯಲಾರದೆ ತಾನಾಗೇ ಆಫ್ ಆಯಿತು. ಮತ್ತೆ ಆನ್ ಮಾಡಿದೆ. ಮತ್ತೆ ಆಫ್. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಇದೇ ನಡೀತು. ನಾನು ಹೊರಗೆ ಗ್ಯಾಸು ತುಂಬುತ್ತಿದ್ದೆ, ಒಳಗೆ ಬಾಳೆಕಾಯಿ ಬೆವರುತ್ತಿತ್ತು.

ಹಿರಿಯರು ಒಂದು ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೆ ಕೇಳಿದರು, "ಅಲ್ಲಪ್ಪ, ಆ ಪೈಪು ಒಳಕ್ಕೋಗದಾ, ಒರಕ್ಕೆ ಬರದಾ?"

"ಹೊರಕ್ಕೆ ಬರೋದು ಯಜಮಾನ್ರೆ."

"ನಾನೇನ್ ಓದ್ದೋನಲ್ಲ. ಆದ್ರೂ ಕೇಳ್ತೀನಿ. ಹಸ ಮೇವು ತಿಂತಾ ಅಂತ ನೋಡಕ್ಕೆ ನಾವು ಬಾಯಿ ತಾವು ಓಯ್ತೀವಿ. ನೀನ್ಯಾಕಪ್ಪ ಬಾಲದ ತಾವು ಕುಂತಿದ್ದೈ?"

ಸ್ಪ್ಯಾನರು ಕೆಳಗಿಟ್ಟೆ. ತುಂಬಿದ್ದ ಗ್ಯಾಸು ತೆಗೆದು, ನೆಲದ ಮೇಲೆ ಬೋರಲು ಮಲಗಿ, ಕೆಳಗಿನ ಪೈಪಿಗೆ ಗಾಜು ಕೂರಿಸಿದೆ. ಸಂಜೆ ಹೊತ್ತಿಗೆ ಎಲ್ಲಾ ಸರಿಯಾಯಿತು, ಒಳಗಿದ್ದ ಬಾಳೆಕಾಯಿ ಬಿಟ್ಟು. ಅದು ಮಾರನೆಯ ದಿನಕ್ಕೇ ಪೂರ್ತಿ ಹಣ್ಣಾಗಿ ಕೂತಿತ್ತು. ಹಿರಿಯರು ಸಿಕ್ಕಿದ ಕಡೆಗೆಲ್ಲ ಕಳಿಸಿದರು. ಎರಡು ಮದುವೆ ಮನೆಗೆ, ಒಂದು ಶಾಲೆಗೆ, ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತವರಿಗೆ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅದರ ಬದಲು, ಮಾರನೆಯ ದಿನ ನೋಡೋಕೆ ಹೋದಾಗ, ಒಂದು ದೊಡ್ಡ ಗೊನೆ ನನ್ನ ಸ್ಕೂಟರಿಗೆ ಅವರೇ ಕಟ್ಟಿ ಕಳಿಸಿದರು.

ಮನೆಯಲ್ಲಿ ಹೆಂಡತಿ ಗೊನೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಒಂದು ಕಾಯಿ ಇಲ್ಲ ನೋಡಿ, ಎಲ್ಲಾ ಒಂದೇ ಸಮ ಹಣ್ಣಾಗವೆ. ಯಾರ್ರೀ ಅಷ್ಟು ಚೆನ್ನಾಗಿ ಮಿಷನ್ ರಿಪೇರಿ ಮಾಡ್ದೋರು?"

ಮೀನಂಗಡಿಯ ಚೇಟ

ಗುಂಡ್ಲುಪೇಟೆಯಲ್ಲಿ ಒಬ್ಬ ಮಲಯಾಳಿ ಮೀನು ವ್ಯಾಪಾರಿ. ಎಲ್ಲರೂ ಚೇಟ ಅಂತಲೇ ಕರೆಯೋದು, ಅವರ ಭಾಷೆಯಲ್ಲಿ ಅಣ್ಣ ಅಂತ. ರಾತ್ರಿ ಮುಚ್ಚುವ ಕಾಡುದಾರಿಯ ಮದ್ದೂರು ಗೇಟು ಬೆಳಗ್ಗೆ ತೆಗೆದ ಮೇಲೆ ವಯನಾಡಿನ ಕಡೆಯಿಂದ ಮೀನಿನ ಗಾಡಿ ಬಂದು ಅವನ ಅಂಗಡಿ ಮುಂದೆ ನಿಲ್ಲುತ್ತಿತ್ತು. ಹಿಂದೆ ಒಂದು ಪುಟ್ಟ ಕೋಲ್ಡ್ ರೂಮು ಕಟ್ಟಿಸಿದ. ಮಿಷನ್ನು ಮಾತ್ರ ಮುಂದುಗಡೆ, ನಡುವೆ ತಗಡಿನ ಛಾವಣಿ ಮೇಲೆ ಉದ್ದಕ್ಕೂ ಪೈಪು. ನಾನು ಈ ಸಲ ಗಾಜನ್ನು ಸರಿಯಾದ ಪೈಪಿಗೆ, ಎಲ್ಲರಿಗೂ ಕಾಣುವ ಹಾಗೆ, ಮಿಷನ್ನಿನ ಪಕ್ಕದಲ್ಲೇ ಕೂರಿಸಿದೆ. ಇನ್ಯಾರು ಏನು ಹೇಳೋ ಹಾಗಿದೆ ಅಂದುಕೊಂಡೆ.

ಒಂದು ವಾರಕ್ಕೆ ಫೋನು. "ಸಾರ್, ರೂಮಲ್ಲಿ ತಂಪಿಲ್ಲ."

ಹೋಗಿ ಗಾಜು ನೋಡಿದೆ. ಕೆರೆ ನೀರಿನ ಹಾಗೆ ತಿಳಿ. ಒಂದು ಗುಳ್ಳೆ ಇಲ್ಲ. "ಗಾಜು ಕ್ಲಿಯರ್ ಇದೆ. ನೀವು ಬಾಗಿಲು ಜಾಸ್ತಿ ತೆಗೀತೀರಿ" ಅಂದೆ.

ಮತ್ತೆ ಮೂರು ದಿನಕ್ಕೆ ಫೋನು. ಹೋದೆ. ಗಾಜು ಕ್ಲಿಯರ್. "ಐಸು ಜಾಸ್ತಿ ಹಾಕ್ತೀರಿ, ಗಾಳಿ ಆಡಲ್ಲ" ಅಂದೆ. ಆಮೇಲಿನ ಸಲ ಮೀನನ್ನೇ ಬೈದೆ, ಬರುವಾಗಲೇ ಬೆಚ್ಚಗೆ ಬರುತ್ತದೆ ಅಂತ. ಹದಿನೈದು ದಿನ ಆ ಮನುಷ್ಯನದೇ ತಪ್ಪು ಅಂತ ಅವನ ಅಂಗಡಿಯಲ್ಲೇ ನಿಂತು ವಾದ ಮಾಡಿದೆ. ಅವನೂ ನಂಬಿ ಬಾಗಿಲು ತೆಗೆಯೋದನ್ನೇ ಬಿಟ್ಟಿದ್ದ. ಗಿರಾಕಿ ಬಂದರೆ ಸಾಯಂಕಾಲ ಬನ್ನಿ ಅಂತಿದ್ದನಂತೆ. ಅದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ನಾಲ್ಕನೇ ಸಲ ಹೋದಾಗ ಅವನು ಒಂದು ಮೀನು ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. "ಸಾರ್, ನಿಮ್ಮ ಗ್ಲಾಸ್ ಕ್ಲಿಯರ್. ನನ್ನ ಮೀನು ಕ್ಲಿಯರ್ ಅಲ್ಲ."

ಮೂಗು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಹೋದೆ. ಅವನು ಬೆಂಚಿನ ಮೇಲೆ ಕೂತು ಸಮಾಧಾನವಾಗಿ ಹೇಳಿದ, "ನಾನೊಂದು ಕೇಳ್ತೀನಿ. ಬಸ್ಸು ಚಾಮರಾಜನಗರದಲ್ಲಿ ಫುಲ್ಲು. ತೆರಕಣಾಂಬಿಲಿ ಅರ್ಧ ಜನ ಇಳಿದ್ರು. ಇಲ್ಲಿಗೆ ಬರೋದು ಮೂರೇ ಜನ. ನೀವು ಚಾಮರಾಜನಗರದಲ್ಲಿ ನಿಂತು ಬಸ್ ಫುಲ್ ಅಂದ್ರೆ ಗುಂಡ್ಲುಪೇಟೆ ಹೋಟ್ಲವನು ಎಷ್ಟು ಇಡ್ಲಿ ಮಾಡ್ಬೇಕು?"

ಛಾವಣಿ ಮೇಲೆ ಹತ್ತಿ ಪೈಪು ಮುಟ್ಟಿದೆ. ಬಿಸಿಲಿಗೆ ಕಾದ ತಗಡು, ಅದರ ಮೇಲೆ ಮಲಗಿದ ಪೈಪು. ಕೈ ಸುಟ್ಟಿತು. ಮಿಷನ್ ಹತ್ತಿರ ತಿಳಿಯಾಗಿ ಹೊರಟ ಗ್ಯಾಸು ರೂಮು ತಲುಪುವಷ್ಟರಲ್ಲಿ ಕುದಿದು ಅರ್ಧ ಆವಿಯಾಗುತ್ತಿತ್ತು. ರೂಮಿನ ಪಕ್ಕದಲ್ಲಿ, ಗ್ಯಾಸು ಒಳಗೆ ಹೋಗುವ ವಾಲ್ವಿನ ಮುಂಚೆ, ಇನ್ನೊಂದು ಗಾಜು ಕೂರಿಸಿ ಅವನನ್ನೇ ಕರೆದು ತೋರಿಸಿದೆ. ಬುಸಬುಸ ಗುಳ್ಳೆ. ಅವನು ಬಗ್ಗಿ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ, ಇದು ಸೋಡಾ ಅಲ್ಲವಾ!"

ಪೈಪನ್ನು ತಗಡಿನಿಂದ ಮೇಲೆತ್ತಿ, ಶಾಖ ತಾಗದ ಹಾಗೆ ದಪ್ಪ ಫೋಮು ಸುತ್ತಿದೆ. ರೂಮು ತಣ್ಣಗಾಯಿತು. ಕ್ಷಮೆ ಕೇಳಿದೆ, ಅವನೂ ನಕ್ಕು ಬಿಟ್ಟ. ಆದರೆ ಈಗಲೂ ಗುಂಡ್ಲುಪೇಟೆ ಪೇಟೆ ಬೀದಿಯಲ್ಲಿ ನನ್ನನ್ನು ಕಂಡರೆ ಸಾಕು, ರಸ್ತೆಯ ಆ ಕಡೆಯಿಂದ ಕೂಗುತ್ತಾನೆ, "ಸಾರ್, ಬಸ್ ಫುಲ್ಲಾ?" ಪಕ್ಕದಲ್ಲಿ ಯಾರಾದರೂ ಇದ್ದರೆ ನನಗೂ ಅವನಿಗೂ ಬಸ್ಸಿನ ವ್ಯವಹಾರ ಇದೆ ಅಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ನಲವತ್ತು ನಿಮಿಷದ ಪಾಠ

ಇಷ್ಟೆಲ್ಲ ಆದ ಮೇಲೆ ನನ್ನನ್ನು ಅನುಭವಸ್ಥ ಅಂತ ಒಂದು ತರಬೇತಿ ಶಾಲೆಯವರು ಪಾಠ ಹೇಳೋಕೆ ಕರೆದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿ, ಬೋರ್ಡಿನ ತುಂಬ ಚಿತ್ರ ಬರೆದು, ಗಾಜು ಎಲ್ಲಿ ಕೂರಿಸಬೇಕು ಅಂತ ನಲವತ್ತು ನಿಮಿಷ ಮಾತಾಡಿದೆ. ತೇವ ಹೀರುವ ಡ್ರೈಯರ್ ಆದ ಮೇಲೆ, ವಾಲ್ವಿಗೆ ಮುಂಚೆ, ಉದ್ದ ಪೈಪಾದರೆ ಎರಡು, ಬೆಸುಗೆ ಹಾಕುವಾಗ ಗಾಜಿಗೆ ಒದ್ದೆ ಬಟ್ಟೆ ಸುತ್ತಬೇಕು. ಕೊನೆಗೆ ಕೇಳಿದೆ, "ಈಗ ಯಾರು ಹೇಳ್ತೀರಿ, ಗಾಜು ಎಲ್ಲಿ ಕೂರಿಸಬೇಕು?"

ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. "ನೀವು ಅಡ್ಡ ಬರದ ಕಡೆ ಸರ್. ನಲವತ್ತು ನಿಮಿಷದಿಂದ ಅದರ ಚಿತ್ರದ ಮುಂದೇನೇ ನಿಂತಿದ್ದೀರಿ."

ಹಳದಿ ಚುಕ್ಕೆ

ಇದು ಹೋದ ದಸರಾ ಆದ ಮೇಲಿನದು. ಗಾಯ ಇನ್ನೂ ಹಸಿ.

ಗುಂಡ್ಲುಪೇಟೆ ಹೊರವಲಯದಲ್ಲಿ ನಲವತ್ತು ರೈತ ಕುಟುಂಬ ಸೇರಿ ತರಕಾರಿಗೆ ಒಂದು ಕೋಲ್ಡ್ ರೂಮು ಮಾಡಿಕೊಂಡಿದ್ದಾರೆ. ಮಿಷನ್ ಕೂರಿಸಿದ್ದು ನಾನೇ. ಮೇಲ್ವಿಚಾರಣೆಗೆ ಕೃಷಿ ಓದಿಕೊಂಡ ಹುಡುಗಿಯೊಬ್ಬಳಿದ್ದಾಳೆ. ನಾನು ಮೇಡಂ ಅಂತೀನಿ, ಅವಳು ಅಣ್ಣ ಅಂತಾಳೆ. ಕಸ ಗುಡಿಸಿ ತರಕಾರಿ ಆರಿಸುವುದಕ್ಕೆ ಪಕ್ಕದ ಹಳ್ಳಿಯ ಒಬ್ಬ ಅಜ್ಜಿ ಬರುತ್ತದೆ.

ಅವತ್ತು ಸುಮ್ಮನೆ ತಪಾಸಣೆಗೆ ಹೋಗಿದ್ದೆ. ಗಾಜಿಗೆ ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ಹಳದಿ! ಸಾಮಾನ್ಯವಾಗಿ ನಡುವಿನ ಚುಕ್ಕೆ ಮಾತ್ರ ಹಳದಿಯಾಗುತ್ತದೆ. ಇಲ್ಲಿ ಇಡೀ ಗಾಜೇ ಹಳದಿ. ಇಷ್ಟು ತೇವ ಸೇರಿದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಕನ್ನಡಕ ಮನೆಯಲ್ಲಿತ್ತು. ಹಾಕಿಕೊಂಡರೆ ಮುದುಕನ ಥರ ಕಾಣುತ್ತೇನೆ ಅಂತ ಅದನ್ನು ಕೆಲಸಕ್ಕೆ ತರುತ್ತಿರಲಿಲ್ಲ.

"ಮೇಡಂ, ಮಿಷನ್ ಒಳಗೆ ನೀರು ಹೋಗಿದೆ. ಈಗಲೇ ನಿಲ್ಲಿಸದಿದ್ದರೆ ಕಂಪ್ರೆಸರು ಸುಟ್ಟು ಹೋಗುತ್ತೆ" ಅಂದೆ.

ಆ ಹುಡುಗಿ ಮುಖ ಬಿಳುಚಿಕೊಂಡಿತು. ಊರೂರಿಗೆ ಫೋನ್ ಹೋಯಿತು. ಬೀನ್ಸು, ಟೊಮೇಟೊ, ಬೀಟ್‌ರೂಟು ಎಲ್ಲಾ ಹೊರಗೆ ಬಂತು. ಜನ ಗೂಡ್ಸ್ ಆಟೋ ತಂದು ಅರ್ಧ ತುಂಬಿಕೊಂಡು ಹೋದರು. ಮಿಕ್ಕಿದ್ದನ್ನು ಶೆಡ್ಡಿನ ನೆರಳಲ್ಲಿ ಹರಡಿ ಮೇಲೆ ಒದ್ದೆ ಗೋಣಿ ಮುಚ್ಚಿದರು. ಹೆಂಗಸರು ಬಿಂದಿಗೆಯಲ್ಲಿ ನೀರು ತಂದು ತಂದು ಗೋಣಿಗೆ ಚಿಮುಕಿಸುತ್ತಿದ್ದರು. ನಾನು ಗ್ಯಾಸೆಲ್ಲ ಸಿಲಿಂಡರಿಗೆ ಇಳಿಸಿ, ತೇವ ಹೀರುವ ಡ್ರೈಯರನ್ನು ಬದಲಾಯಿಸಿ, ಪೈಪಿನೊಳಗಿನದ್ದನ್ನೆಲ್ಲ ಪಂಪಿನಿಂದ ಎಳೆದು, ಸಾಯಂಕಾಲ ಮತ್ತೆ ಗ್ಯಾಸು ತುಂಬಿದೆ.

ಗಾಜು ನೋಡಿದೆ. ಹಳದಿ.

ಮಾರನೆಯ ದಿನ ಬೆಳಗ್ಗೆ ಇನ್ನೊಂದು ಡ್ರೈಯರು, ಇನ್ನೊಂದು ಸಲ ಅದೇ ಪಾಡು. ಮಧ್ಯಾಹ್ನಕ್ಕೆ ನೋಡಿದರೂ ಹಳದಿ. ಹೊರಗೆ ಯಾರೋ, "ಮೇಸ್ತ್ರಿ ಕೈಲಿ ಆಗ್ನಿಲ್ಲ ಅನ್ಸ್ತದ ಕಣ್ಲಾ, ಬೇರೆಯೋರ ಕರ್ಸನ" ಅಂದದ್ದು ಕೇಳಿಸಿತು. ಮೈಸೂರಿನಲ್ಲಿ ನನಗೆ ಕೆಲಸ ಕಲಿಸಿದ ಯಜಮಾನರಿದ್ದಾರೆ, ಎಪ್ಪತ್ತು ದಾಟಿದೆ. ಬೇರೆ ದಾರಿ ಕಾಣದೆ ಅವರಿಗೆ ವಿಡಿಯೋ ಕಾಲ್ ಮಾಡಿದೆ.

"ಗಾಜಿನ ಹತ್ರ ಹಿಡಿ. ಇನ್ನೂ ಹತ್ರ. ಪಕ್ಕದಿಂದ ತೋರ್ಸು" ಅಂದರು. ಪಕ್ಕದಿಂದ ತೋರಿಸಿದೆ. ಆಮೇಲೆ, "ಲೇ, ಉಗುರಲ್ಲಿ ಕೆರಿ ನೋಡನ."

ಕೆರೆದೆ. ಉಗುರಿನೊಳಗೆ ಹಳದಿ ಹುಡಿ ಬಂತು. ಮೂಗಿಗೆ ಹಿಡಿದೆ. ಅರಿಶಿನ.

ಫೋನು ಕಟ್ಟಾಯಿತು. ನಾನು ಬೆಪ್ಪನ ಹಾಗೆ ಉಗುರು ನೋಡುತ್ತಾ ನಿಂತಿರುವಾಗ ಅವರೇ ಮತ್ತೆ ಮಾಡಿದರು. "ಒಂದು ಮಾತು ಹೇಳದು ಮರ್ತೆ. ಯಾರಾದ್ರೂ ನಿಂಗೆ ಕೆಲ್ಸ ಕಲ್ಸ್ದೋರ್ಯಾರು ಅಂತ ಕೇಳಿದ್ರೆ ನನ್ ಹೆಸ್ರು ಹೇಳ್ಬ್ಯಾಡ ಕಣಪ್ಪ."

ಒದ್ದೆ ಬಟ್ಟೆಯಿಂದ ಗಾಜು ಒರೆಸಿದೆ. ಒಳಗೆ ಚುಕ್ಕೆ ಅವರೆಕಾಯಿ ಸಿಪ್ಪೆಯಷ್ಟು ಹಸಿರಾಗಿ ಕೂತಿತ್ತು. ಎರಡು ದಿನದಿಂದಲೂ ಹಾಗೇ ಕೂತಿತ್ತು.

ಮಿಷನ್ ರೂಮಿನಲ್ಲಿ ನಾನೊಬ್ಬನೇ. ಬಟ್ಟೆ ಜೇಬಿಗಿಟ್ಟುಕೊಂಡು, ಎರಡನೇ ಡ್ರೈಯರಿಗೆ ಸರಿಹೋಯಿತು ಅಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಬಟ್ಟೆಯನ್ನು ಜೇಬಿಗಿಟ್ಟೂ ಇದ್ದೆ. ಬಾಗಿಲ ಹತ್ತಿರ ಬಂದಾಗ ಶೆಡ್ಡಿನಲ್ಲಿ ಒಬ್ಬ ಹೆಂಗಸು ಸೊಂಟ ಹಿಡಿದುಕೊಂಡು ಇನ್ನೊಂದು ಬಿಂದಿಗೆ ನೀರು ಬಗ್ಗಿಸುತ್ತಿದ್ದಳು. ಬಟ್ಟೆ ಹೊರಗೆ ತೆಗೆದೆ. ಎಲ್ಲರ ಮುಂದೆ ಹಿಡಿದು ತೋರಿಸಿ ಹೇಳಿಬಿಟ್ಟೆ. ಮಿಷನ್ನಿಗೆ ಏನೂ ಆಗಿರಲಿಲ್ಲ, ಗಾಜಿನ ಮೇಲೆ ಅರಿಶಿನ ಇತ್ತು, ನಾನು ಒರೆಸಿ ನೋಡಲಿಲ್ಲ ಅಂತ.

ಮೇಡಂ ಬಟ್ಟೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂತು. ಕಣ್ಣಲ್ಲಿ ನೀರು.

"ನಂದೇ ತಪ್ಪು ಕಣಪ್ಪ. ಆಯುಧ ಪೂಜೆ ದಿನ ಎಲ್ಲಾ ಮಿಷನ್‌ಗೂ ಅರಿಶಿನ ಕುಂಕುಮ ಇಟ್ಟೆ. ಮಾರ್ನೆ ದಿನ ಎಲ್ಲಾ ಒರಸ್ಬುಟ್ಟೆ, ಇದೊಂದು ಮರ್ತೋಯ್ತು."

"ಅಜ್ಜಿ, ಅದಕ್ಕೆ ಯಾಕೆ ಇಟ್ಟೆ? ಅದು ನೋಡೋ ಗಾಜಲ್ವಾ?" ಅಂದಳು ಮೇಡಂ.

"ಇವ್ರೇ ಹೇಳಿದ್ರಲ್ಲವ್ವ, ಇದು ಮಿಷನ್ನಿನ ಕಣ್ಣು, ಜ್ವಾಪಾನ ಅಂತ" ಅಂತ ಅಜ್ಜಿ ನನ್ನ ಕಡೆ ಕೈ ತೋರಿಸಿತು. "ಅದ್ಕೇ ಕಣ್ಣಿಗೆ ಕುಂಕುಮ ಇಟ್ರೆ ಉರೀತದ ಅಂತ, ಅದೊಂದಕ್ಕೆ ಬರೀ ಅರಿಶಿನ ಮೆತ್ತಿದೆ."